ಅಗಸಿಯಿಂದ ಆ್ಯಪ್‌ತನಕ: ಬಾಗಲಾ ಕಾಯೂ ಕತಿ

ನಮ್ಮ ಕಡೆ ಯಾವ ಊರಿಗೆ ಹೋದ್ರೂ ಅಗಸಿ ಅನ್ನೂ ಮಾತು ಕಿವಿಗೆ ಬಿದ್ದ ಬೀಳತೈತಿ. "ಅಗಸ್ಯಾಗ ಇಳೀರಿ", "ಅಗಸಿ ಮುಂದಿನ ಹನಮಪ್ಪಗ ಕಾಯಿ ಒಡಸ್ರಿ", "ಅಗಸಿ ದಾಟಿದ್ರ ನಮ್ಮ ಹೊಲ". ಮಲ್ಲಸಮುದ್ರದ ಸುತ್ತಮುತ್ತ, ಗದಗ, ಮುಂಡರಗಿ, ಶಿರಹಟ್ಟಿ ಕಡೆ ಎಷ್ಟೋ ಊರಾಗ ಕಲ್ಲಿನ ಕಮಾನು ಬಿದ್ದು ಹೋಗೇತಿ, ಕಟ್ಟಿಗಿ ಬಾಗಲಾ ಯಾವ ಕಾಲಕ್ಕೋ ಒಲಿಗೆ ಹೋಗೇತಿ. ಹೆಸರು ಮಾತ್ರ ಹಂಗ ಉಳದೈತಿ.

ಈಗ ಬೆಂಗಳೂರು, ಹುಬ್ಬಳ್ಳ್ಯಾಗಿರೂ ಮಕ್ಕಳು ಫೋನ್ ಹಚ್ಚಿದ್ರ ಬ್ಯಾರೆ ಅಗಸಿ ಸುದ್ದಿ ಹೇಳತಾರ. ಅಪಾರ್ಟಮೆಂಟಿನ ಗೇಟ್ ಬದಲಿ ಮಾಡಾಕತ್ತಾರ, ರಜಿಸ್ಟರ್ ತಗದು ಆ್ಯಪ್ ಹಾಕಾಕತ್ತಾರ, ಕಾರಿಗೆ ಟ್ಯಾಗ್ ಅಂಟಸಾಕತ್ತಾರ, ಕೆಲಸದವರ ಮುಖದ ಫೋಟೋ ತಗೊಳ್ಳಾಕತ್ತಾರ ಅಂತ. ಮೀಟಿಂಗ್ ಕರದ್ರ ಮಾತಾಡೂದು ಎರಡ: ಎಷ್ಟ ಖರ್ಚು, ಯಾವ ಕಂಪನಿ. ಅದಕ್ಕ ಇವತ್ತು ಬಾಗಲದ ಇತಿಹಾಸ ಬರಿಯೂಣಂತ ಕುಂತೀನಿ. ಯಾಕಂದ್ರ ಬಾಗಲಾ ಹೊಸಾದಾದ್ರೂ ಅದರ ಮುಂದ ನಿಂತು ಕೇಳಬೇಕಾದ ಪ್ರಶ್ನೆಗಳು ಹಳೇವ. ಯಾರು ಕಾಯಬೇಕು? ಕಾಯವರಿಗೆ ಯಾರು ಕೊಡಬೇಕು? ಯಾರನ್ನ ಹೊರಗ ನಿಲ್ಲಸಬೇಕು? ಬಾಗಲಾ ಜನರ ಹೆಸರು ಬರಕೊಳ್ಳಾಕ ಸುರು ಮಾಡಿದ ಮ್ಯಾಲ ನಾಲ್ಕನೇದೊಂದು ಬಂದೈತಿ: ಯಾರ ಬಗ್ಗೆ ಬರಕೊಳ್ಳತೈತಿ, ಬರದದ್ದು ಯಾರ ಕೈಯಾಗ ಇರತೈತಿ? ಈ ನಾಲ್ಕನೇ ಪ್ರಶ್ನೆ ಭಾಳ ದೊಡ್ಡದು, ಮತ್ತ ಅದರ ಪಾಠ ನಮ್ಮ ಗದಗ-ಬೆಟಗೇರ್ಯಾಗ ಐತಿ.

ಮೊದಲ ಲಕ್ಷ್ಮೇಶ್ವರಕ್ಕ ಹೋಗೂಣು. ಸೋಮೇಶ್ವರ ಗುಡಿಗೆ ನಾವೆಲ್ಲಾ ಹೋಗಿ ಬಂದೀವಿ. ಆ ಊರಿನ ಹಳೇ ಹೆಸರು ಪುಲಿಗೆರೆ, ಪೊರಿಗೆರೆ ಅಂತನೂ ಬರೀತಿದ್ರು. ಬಾದಾಮಿ ಚಾಲುಕ್ಯರ ಕಾಲದಾಗ, ಸುಮಾರು 725ನೇ ಇಸ್ವಿ ಹೊತ್ತಿಗೆ, ಯುವರಾಜ ವಿಕ್ರಮಾದಿತ್ಯ ಆ ಊರಿನ ಮಹಾಜನರಿಗೆ, ಪಟ್ಟಣಿಗರಿಗೆ, ಹದಿನೆಂಟು ಪ್ರಕೃತಿ ಅಂದ್ರ ಎಲ್ಲಾ ಕಸಬಿನ ಜನಕ್ಕ ಒಂದು ಆಚಾರವ್ಯವಸ್ಥೆ ಮಾಡಿಕೊಟ್ಟ. ಅದು ಶಾಸನದಾಗ ಐತಿ. ಅರಸನ ಅಧಿಕಾರಿಗಳು ಊರಿಗೆ ಏನ ಮಾಡಬೇಕು, ಊರವರು ಅರಸಗ ಏನ ಕೊಡಬೇಕು ಅಂತ ಎರಡೂ ಕಡೆ ಹಕ್ಕು, ಜವಾಬ್ದಾರಿ ಅದರಾಗ ಬರದಾವ. ಯಾರೂ ಇರದ ಖಾಲಿ ಮನಿ ಕಾಯೂದು ಅಧಿಕಾರಿಗಳ ಕೆಲಸ ಅಂತ ಐತಿ. ಮನಿ ತೆರಗಿ ಎಲ್ಲಾರಿಗೂ ಒಂದ ಅಲ್ಲ, ದೊಡ್ಡ ಮನಿಯವರಿಗೆ ಹೆಚ್ಚು, ಅದಕ್ಕಿಂತ ಸಣ್ಣವರಿಗೆ ಕಡಿಮಿ, ಹಿಂಗ ಮೆಟ್ಟಲಾ ಮೆಟ್ಟಲಾ ಇಳಕೋತ ಬರತೈತಿ.

ಇವತ್ತು ಅಪಾರ್ಟಮೆಂಟಿನ್ಯಾಗ ಮೂರ ಬೆಡ್‌ರೂಮಿನವರು ಹೆಚ್ಚು ಮೆಂಟೆನೆನ್ಸ್ ಕೊಡಬೇಕೋ, ಎಲ್ಲಾರೂ ಸಮ ಕೊಡಬೇಕೋ ಅಂತ ಜಗಳಾಡತಾರಲ್ಲ, ಆ ಜಗಳಕ್ಕ ನಮ್ಮ ಲಕ್ಷ್ಮೇಶ್ವರದಾಗ ಹದಿಮೂರನೂರು ವರ್ಷದ ಹಿಂದ ಕಲ್ಲಿನ ಮ್ಯಾಲ ಉತ್ತರ ಬರದಿಟ್ಟಿದ್ರು. ಎಲ್ಲಾರಿಗೂ ಕಾಣೂವಂಗ, ಎಲ್ಲಾರಿಗೂ ಗೊತ್ತಿರೂವಂಗ. ಕಾವಲು ಅಂದ್ರ ಬರೇ ಗ್ವಾಡಿ, ಬಾಗಲಾ ಅಲ್ಲ, ಮೊದಲ ಒಪ್ಪಂದ ಅನ್ನೂದು ಅವರಿಗೆ ಗೊತ್ತಿತ್ತು.

ಇನ್ನ ಹಳ್ಳಿ ಅಗಸಿ. ಎರಡೂ ಕಡೆ ಕಲ್ಲಿನ ಕಟ್ಟಿ, ಮ್ಯಾಲ ಕಮಾನು, ದಪ್ಪನ ಕಟ್ಟಿಗಿ ಬಾಗಲಾ, ಒಳಗಿಂದ ಅಡ್ಡಕ್ಕೊಂದು ತೊಲಿಯಂಥಾ ಅಗಳಿ. ಕತ್ತಲಾದ ಮ್ಯಾಲ ಮುಚ್ಚೂದು, ಬೆಳಕ ಹರದ ಮ್ಯಾಲ ತಗ್ಯೂದು. ಕಟ್ಟಿ ಮ್ಯಾಲ ಹಗಲೆಲ್ಲಾ ಹಿರೇರು ಕುಂತಿರತಿದ್ರು. ಹೊಸಾ ಮುಖ ಕಂಡ್ರ "ಯಾವೂರಪಾ ತಮ್ಮಾ? ಯಾರ ಮನಿಗೆ?" ಅಂತ ಕೇಳೂದು ಅವರ ಹಕ್ಕು. ನಿನ್ನ ತವರು ಯಾವುದು, ನಿಮ್ಮ ಅಜ್ಜ ಯಾರು ಅಂತ ಎರಡು ಮಾತು ಕೇಳಿದ್ರ ನಮ್ಮ ಪೂರಾ ಜಾತಕ ಅವರಿಗೆ ಸಿಗತಿತ್ತು. ಯಾವ ಕ್ಯಾಮರಾನೂ ಅಷ್ಟ ಹೇಳಂಗಿಲ್ಲ.

ರಾತ್ರಿ ಕಾವಲಿಗೆ ತಳವಾರ, ವಾಲೀಕಾರ ಇರತಿದ್ರು. ಇವರು ಊರಿನ ಆಯಗಾರರು. ಪಗಾರ ಅಂತ ರೊಕ್ಕ ಇಲ್ಲ. ಸುಗ್ಗ್ಯಾಗ ಕಣಕ್ಕ ಬಂದ್ರ ರಾಶ್ಯಾಗಿಂದ ಆಯ ಅಂತ ಇಷ್ಟು ಜೋಳ ಕೊಡತಿದ್ರು, ಕೆಲವರಿಗೆ ಇನಾಮು ಹೊಲನೂ ಇರತಿತ್ತು. ಮಳಿ ಹೋಗಿ ಬೆಳಿ ಇಲ್ಲಾಂದ್ರ ಕಾಯಾಂವನ ಹೊಟ್ಟಿಗೂ ಇಲ್ಲ. ಅಪ್ಪ ಕಾದ್ರ ಮಗನೂ ಕಾಯಬೇಕು, ಬ್ಯಾಡಂದ್ರ ಬಿಡೂವಂಗಿರಲಿಲ್ಲ. ಈ ವಂಶದ ಚಾಕರಿ ತಗ್ಯೂ ಸಲುವಾಗಿನ ಕಾನೂನು ಮಾಡಿದ್ದು 1961ರಾಗ, ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ. ಶಾನುಭೋಗಕಿ, ಗೌಡಕಿ ಹೋದ ಸುದ್ದಿ ಎಲ್ಲಾರಿಗೂ ನೆನಪೈತಿ, ಊರ ಕಾಯವರ ಬಿಡುಗಡಿನೂ ಅದರಾಗ ಐತಿ ಅನ್ನೂದು ಕಡಿಮಿ ಮಂದಿಗೆ ನೆನಪು.

ಅಗಸಿ ಕತಿ ಹೇಳೂವಾಗ ಬಾಯಿ ಮುಚ್ಚಬಾರದ ಮಾತೊಂದೈತಿ. ಅಗಸಿ ಒಳಗ ಎಲ್ಲಾ ಊರು ಇರಲಿಲ್ಲ. ಹೊಲಗೇರಿ, ಮಾದಗೇರಿ ಹೊರಗ. ಊರ ಸೀಮಿ ಕಾಯೂ ಕೆಲಸ, ಸತ್ತ ದನಾ ಒಯ್ಯೂ ಕೆಲಸ, ಸುದ್ದಿ ಮುಟ್ಟಸೂ ಕೆಲಸ ಅವರದು, ಆದ್ರ ರಾತ್ರಿ ಅಗಸಿ ಹಾಕಿದ್ರ ಅವರು ಆ ಕಡೆ. ಯಾರ ದುಡಿಮಿ ಮ್ಯಾಲ ಊರು ನಡೀತಿತ್ತೋ ಅವರಿಗೆ ಬಾಗಲದ ರಕ್ಷಣಾ ಇರಲಿಲ್ಲ. ಅಗಸಿ ಬಗ್ಗೆ ಅಭಿಮಾನ ಪಡೂವಾಗ ಇದನ್ನೂ ಸೇರಿಸೇ ಹೇಳಬೇಕು.

ದೊಡ್ಡ ದೊಡ್ಡ ಕ್ವಾಟಿ ಬಾಗಲಾ ಏನ ಮಾಡಿದ್ವು ನೋಡೂಣು. ವಿಜಯಪುರಕ್ಕ ಹೋದವರು ನೋಡಿರತೀರಿ, ಊರಿನ ಸುತ್ತ ಸುಮಾರು ಹತ್ತು ಕಿಲೋಮೀಟರ್ ಗ್ವಾಡಿ, ಐದು ದೊಡ್ಡ ದರವಾಜಾ. ಒಂದನೇ ಅಲಿ ಆದಿಲ್‌ಶಾಹಿ ಕಾಲದಾಗ ಕಟ್ಟಿದ್ದು. ಹಿಂತಾ ಬಾಗಲಕ್ಕ ಆನಿ ಬಂದು ಗುದ್ದಬಾರದಂತ ಕಬ್ಬಿಣದ ಮುಳ್ಳು ಬಡೀತಿದ್ರು. ಇಷ್ಟಿದ್ರೂ 1685ರಾಗ ಔರಂಗಜೇಬನ ಸೈನ್ಯಾ ಬಂದು ಮುತ್ತಿಗಿ ಹಾಕಿತು, ವರ್ಷದ ಮ್ಯಾಲಾದ್ರೂ ಬಿಡಲಿಲ್ಲ. ಒಳಗ ಕಾಳು ತೀರಿತು, 1686ರಾಗ ಊರು ಶರಣಾತು. ಗ್ವಾಡಿ ಗಟ್ಟಿ ಇತ್ತು, ಕಣಜ ಖಾಲಿ ಆಗಿತ್ತು. ಹೊರಗಿನವರು ಒಳಗ ಬರದಿದ್ರ ಒಳಗಿನವರ ಊಟ ನಡ್ಯಂಗಿಲ್ಲ ಅನ್ನೂದು ಅವತ್ತೂ ಖರೆ, ಹಾಲು, ಕಾಯಿಪಲ್ಯಾ, ಸಿಲಿಂಡರ್ ತರೂ ಹುಡುಗರನ್ನ ಗೇಟಿಗೆ ನಿಲ್ಲಸೂ ಈ ಕಾಲಕ್ಕೂ ಖರೆ.

ಬೆಂಗಳೂರಿನ ಹಲಸೂರು ಗೇಟ್ ಅಂದ್ರ ಈಗ ಪೊಲೀಸ್ ಠಾಣೆ ಹೆಸರು. ಅದು ಖರೇನ ಗೇಟ ಇತ್ತು, ಪೇಟಿಯ ಮೂಡಲ ಬಾಗಲಾ. 1791ರ ಮಾರ್ಚ್ 7ಕ್ಕ ಕಾರ್ನವಾಲಿಸನ ಸೈನ್ಯಾ ಟಿಪ್ಪು ಸುಲ್ತಾನನ ಬೆಂಗಳೂರು ಪೇಟಿ ಮ್ಯಾಲ ಬಿದ್ದಿದ್ದು ಆ ಕಡಿಯಿಂದ. ತೋಪು ಹಾರಿಸಿದ್ರೂ ಬಾಗಲಾ ಜಲ್ದಿ ಬೀಳಲಿಲ್ಲ, ಅವರ ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ಕಡೀಗೆ ಪೇಟಿ ಅವರ ಕೈಗೆ ಹೋತು. ಗೇಟು ಹೊತ್ತು ಕೊಡತೈತಿ, ಅಷ್ಟ. ಆ ಹೊತ್ತಿನಾಗ ಒಳಗಿನವರು ಏನ ಮಾಡತಾರ ಅನ್ನೂದರ ಮ್ಯಾಲ ಉಳದದ್ದೆಲ್ಲಾ ನಿಂತೈತಿ.

ಅದ ಬೆಂಗಳೂರಿನ ಇನ್ನೊಂದು ಬಾಗಲದ ಕತಿ ಹೆಣ್ಣಮಕ್ಕಳಾದ ನಾವು ಬಿಡೂವಂಗಿಲ್ಲ. ಇದು ಜನ ಹೇಳೂ ಕತಿ, ಶಾಸನದ ಮಾತಲ್ಲ. ಕೆಂಪೇಗೌಡರು ಕ್ವಾಟಿ ಕಟ್ಟೂವಾಗ ತೆಂಕಣ ಬಾಗಲಾ ಹಗಲೆಲ್ಲಾ ಕಟ್ಟಿದ್ರ ರಾತ್ರಿ ಬೀಳತಿತ್ತಂತ. ಬಲಿ ಬೇಕಂದ್ರಂತ. ಗೌಡರು ಒಪ್ಪಲಿಲ್ಲ. ಬಸರಿದ್ದ ಸೊಸಿ ಲಕ್ಷ್ಮಮ್ಮ ಯಾರಿಗೂ ಹೇಳದ ರಾತ್ರಿ ಹೋಗಿ ಬಾಗಲದ ಮುಂದ ಪ್ರಾಣಾ ಕೊಟ್ಟಳಂತ. ಕೋರಮಂಗಲದಾಗ ಆಕಿ ಗುಡಿ ಐತಿ, ಇವತ್ತು ಅದರ ಸುತ್ತ ಎಲ್ಲಾ ಅಪಾರ್ಟಮೆಂಟು. ನಮ್ಮ ಕಡೆ ಕೆರಿಗೆ ಹಾರ ಆದ ಭಾಗೀರಥಿ ಕತಿ ಕೇಳಿ ಅತ್ತವರಿಗೆ ಇದು ಹೊಸಾದಲ್ಲ. ಕೆರಿ ಆಗಲಿ, ಬಾಗಲಾ ಆಗಲಿ, ಲಾಭ ಊರಿಗೆಲ್ಲಾ, ಬೆಲಿ ಕೊಡಾಕಿ ಮಾತ್ರ ಪಂಚಾಯ್ತ್ಯಾಗ ಬಾಯಿ ಇಲ್ಲದಾಕಿ. ಹೊಸಾ ಗೇಟ್ ಹಾಕೂ ಮುಂದ ಇದರ ಬೆಲಿ ಯಾರು ಕೊಡತಾರ ಅಂತ ಕೇಳೂದು ಅದಕ್ಕ.

ಇನ್ನ ನಮ್ಮೂರ ಕತಿ, ನಾ ಹೇಳಬೇಕಂತಿದ್ದ ಮುಖ್ಯ ಕತಿ. ಹುಬ್ಬಳ್ಳ್ಯಾಗ ಸೆಟ್ಲಮೆಂಟ್ ಅಂತ ಐತಿ, ಗದಗ-ಬೆಟಗೇರ್ಯಾಗನೂ ಸೆಟ್ಲಮೆಂಟ್ ಐತಿ. ಆಟೋದವರಿಗೆ ಹೇಳಿದ್ರ ಬಿಡತಾರ. ಆ ಹೆಸರು ಎಲ್ಲಿಂದ ಬಂತು ಅಂತ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಬ್ರಿಟಿಷರು 1871ರಾಗ ಅಪರಾಧಿ ಬುಡಕಟ್ಟು ಕಾಯಿದೆ ಅಂತ ಒಂದು ಮಾಡಿದ್ರು. ಕಳವು ಮಾಡಿದವನನ್ನ ಹಿಡ್ಯೂ ಕಾನೂನಲ್ಲ ಅದು, ಇಡೀ ಕುಲಕ್ಕ ಕಳ್ಳರು ಅನ್ನೂ ಹಣಿಪಟ್ಟಿ ಹಚ್ಚೂ ಕಾನೂನು. ಹುಟ್ಟಿದ ಕೂಸಿಗೂ ಅದ ಹೆಸರು. 1911ರಾಗ ಅದನ್ನ ಇನ್ನಷ್ಟು ಬಿಗಿ ಮಾಡಿದ್ರು: ಹೆಬ್ಬಟ್ಟು, ಬಟ್ಟಿನ ಗುರತು ತಗದು ದಫ್ತರದಾಗ ಇಡೂದು, ದಿನಾ ಹಾಜರಿ ಹಾಕಸೂದು, ಬ್ಯಾರೆ ಊರಿಗೆ ಹೋಗಬೇಕಂದ್ರ ಪಾಸ್ ತಗೊಳ್ಳೂದು.

ಮುಂಬೈ ಇಲಾಖಾದಾಗ ಹಿಂತಾ ಜನಕ್ಕಂತ ಸೆಟ್ಲಮೆಂಟ್ ಕಟ್ಟಿದ್ರು, ಧಾರವಾಡ ಜಿಲ್ಲಾದಾಗಿದ್ದ ನಮ್ಮ ಊರುಗಳಿಗೂ ಬಂದ್ವು. ಹುಬ್ಬಳ್ಳಿ ಸೆಟ್ಲಮೆಂಟಿನ ಸುತ್ತ ತಂತಿಬೇಲಿ ಇತ್ತು. ಅಲ್ಲಿ ಗಂಡಸರು, ಹೆಣ್ಣಮಕ್ಕಳು ಮುಂಜಾನೆ ಗಿರಣಿಗೆ, ರೈಲ್ವೆ ವರ್ಕ್‌ಶಾಪಿಗೆ ದುಡಿಯಾಕ ಹೋಗೂದು, ಹೊಳ್ಳಿ ಬಂದು ಹಾಜರಿ ಕೊಡೂದು. ಊರಿಗೆ ಅವರ ದುಡಿಮಿ ಬೇಕಿತ್ತು, ಅವರ ಮ್ಯಾಲ ನಂಬಿಕಿ ಇರಲಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮ್ಯಾಲ, 1952ರ ಆಗಸ್ಟ್ 31ಕ್ಕ, ಆ ಕಾಯಿದೆ ದೇಶದ ತುಂಬ ರದ್ದಾತು. ಆ ಜನ ಇವತ್ತಿಗೂ ಆ ದಿನಾನ ವಿಮುಕ್ತ ದಿನ ಅಂತ ಆಚರಿಸತಾರ. ಬೇಲಿ ಹೋತು. ಹೆಸರು ಬರದ ಪುಸ್ತಕದ ಪರಿಣಾಮ ಮಾತ್ರ ಜಲ್ದಿ ಹೋಗಲಿಲ್ಲ. "ಸೆಟ್ಲಮೆಂಟಿನವರು" ಅಂದ್ರ ಮಂದಿ ಮುಖಾ ನೋಡೂ ರೀತಿ ಬ್ಯಾರೇನ ಇರತಿತ್ತು, ನಾವೆಲ್ಲಾ ನೋಡೀವಿ.

ಇದನ್ನ ಯಾಕ ಇಷ್ಟ ಉದ್ದ ಹೇಳಿದೆ ಅಂದ್ರ, ಅಗಸಿಗೂ ಸೆಟ್ಲಮೆಂಟಿನ ಬಾಗಲಕ್ಕೂ ಒಂದು ವ್ಯತ್ಯಾಸ ಐತಿ. ಅಗಸಿ ಕಟ್ಟಿ ಮ್ಯಾಲಿನ ಹಿರೇರು ನೋಡತಿದ್ರು, ಕೇಳತಿದ್ರು, ನಾಕ ದಿನಕ್ಕ ಮರೀತಿದ್ರು. ಸೆಟ್ಲಮೆಂಟಿನ ಬಾಗಲಾ ಬರಕೋತಿತ್ತು. ಅದೂ ಒಂದ ಕಡಿಯವರದು ಮಾತ್ರ. ಬರಸವರು ಬ್ಯಾರೆ, ಬರಸಿಕೊಳ್ಳವರು ಬ್ಯಾರೆ. ಪುಸ್ತಕ ಒಮ್ಮೆ ತಯಾರಾದ್ರ ಮನಷ್ಯಾ ಬದಲಾದ್ರೂ ಪುಸ್ತಕ ಬದಲಾಗಂಗಿಲ್ಲ.

ಈಗ ಅಪಾರ್ಟಮೆಂಟಿಗೆ ಬರೂಣು. ಕರ್ನಾಟಕದಾಗ ಅಪಾರ್ಟಮೆಂಟ್ ಮಾಲೀಕತ್ವದ ಕಾಯಿದೆ ಬಂದದ್ದು 1972ರಾಗ. ಮೊದಲಿಗೆ ಗೇಟಿನ್ಯಾಗ ಒಬ್ಬ ವಾಚಮನ್, ಒಂದು ಉದ್ದನ ರಜಿಸ್ಟರ್, ದಾರಾ ಕಟ್ಟಿದ ಪೆನ್ನು. ಹೆಸರು, ಫೋನ್ ನಂಬರ್, ಯಾರ ಮನಿಗೆ, ಸಹಿ. ಯಾರೂ ಓದಂಗಿಲ್ಲ, ಹಿಂದ ನಿಂತವರು ಬೇಕಾದ್ರ ಎಲ್ಲಾರ ನಂಬರೂ ಓದಬಹುದು. ಆಮ್ಯಾಲ ಇಂಟರ್‌ಕಾಮ್ ಬಂತು. 2016ರಾಗ ಬೆಂಗಳೂರಿನ್ಯಾಗ ಮೈಗೇಟ್ ಅನ್ನೂ ಕಂಪನಿ ಹುಟ್ಟಿತು. ಸುರು ಮಾಡಿದ ಮೂವರೊಳಗ ವಿಜಯ್ ಅರಿಸೆಟ್ಟಿ ಅನ್ನವರು ವಾಯುಸೇನೆಯಾಗ ಹೆಲಿಕಾಪ್ಟರ್ ನಡಸಿದವರು, 2004ರ ಸುನಾಮ್ಯಾಗ ಜನರನ್ನ ಉಳಸಿದ್ದಕ್ಕ ಶೌರ್ಯ ಚಕ್ರ ಪಡದವರು. ಹಿಂದಿನಿಂದ ನೋಬ್ರೋಕರ್‌ಹುಡ್ ಮತ್ತ ಬ್ಯಾರೆ ಕಂಪನಿಗಳೂ ಬಂದ್ವು.

ಇದು ಕೆಲಸ ಮಾಡೂ ರೀತಿ ಸಾದಾ ಐತಿ. ಹೊರಗಿನವರು ಬಂದ್ರ ಕಾವಲುಗಾರ ತನ್ನ ಫೋನಿನ್ಯಾಗ ಒತ್ತತಾನ, ಮನಿಯವರ ಫೋನ್ ಬಡಕೋತೈತಿ, ಅವರು ಹೂಂ ಅಂದ್ರ ಒಳಗ. ಬೀಗರು ಬರತಾರಂತ ಮೊದಲ ಗೊತ್ತಿದ್ರ ಒಂದು ನಂಬರ್ ಕಳಿಸಿಕೊಡತಾರ, ಅದನ್ನ ಗೇಟಿನ್ಯಾಗ ಹೇಳಿದ್ರ ಸಾಕು. ಕಾರಿನ ಗ್ಲಾಸಿಗೆ ಟ್ಯಾಗ್ ಅಂಟಸಿರತಾರ, ಟೋಲ್‌ನಾಗಿನ ಫಾಸ್ಟ್ಯಾಗ್ ಇದ್ದಂಗ, ಅಡ್ಡಗೋಲು ತಾನ ಮ್ಯಾಲೇಳತೈತಿ. ದಿನಾ ಬರೂ ಕೆಲಸದಾಕಿ, ಡ್ರೈವರ್, ಹಾಲಿನಾಂವಗ ಒಂದೊಂದು ನಂಬರ್, ಕೆಲವು ಕಡೆ ಬೆರಳು, ಕೆಲವು ಕಡೆ ಮುಖಾ.

ಇದರಿಂದ ಅನುಕೂಲ ಇಲ್ಲಂತ ನಾ ಅನ್ನಂಗಿಲ್ಲ. ಒಬ್ಬಾಕಿನ ಮನ್ಯಾಗಿರೂ ವಯಸ್ಸಾದ ಅತ್ತಿಗೆ, ಬಾಗಲಾ ಬಡದವರು ಯಾರಂತ ತಗೀದ ಗೊತ್ತಾಗೂದು ದೊಡ್ಡ ಧೈರ್ಯ. ಸಾಲಿಯಿಂದ ಬಂದ ಹುಡುಗ ಒಬ್ಬನ ಗೇಟ್ ದಾಟಿದ್ರ ತಾಯಿಗೆ ಸುದ್ದಿ ಬರತೈತಿ. ಯಾರದೋ ಸಹಿ ಯಾರೋ ಹಾಕೂ ರಜಿಸ್ಟರಿಗಿಂತ ಇದು ಪಾಡ.

ಆದ್ರ ನಾಲ್ಕನೇ ಪ್ರಶ್ನೆ ಮರೀಬ್ಯಾಡ್ರಿ. ಮನಿ ಮಾಲೀಕರು ಎಷ್ಟ ಹೊತ್ತಿಗೆ ಬಂದ್ರು, ಹೋದ್ರು ಅಂತ ಯಾರೂ ತಗದು ನೋಡಂಗಿಲ್ಲ. ಕೆಲಸದಾಕಿ ಏಳು ಗಂಟೆಕ್ಕ ಬಂದಳೋ ಏಳೂ ಹತ್ತಕ್ಕೋ ಅನ್ನೂದು ಮಾತ್ರ ಫೋನಿನ್ಯಾಗ ಲೆಕ್ಕ. ಕೆಲವು ಆ್ಯಪಿನ್ಯಾಗ ಆಕಿಗೆ ಮಂದಿ ಮಾರ್ಕ್ಸ್ ಕೊಡಬಹುದು, ಆಕಿ ಯಾರಿಗೂ ಕೊಡಂಗಿಲ್ಲ. ಒಂದ ಮನಿಯವರು ಸಿಟ್ಟಾಗಿ ಆಕಿ ಹೆಸರು ಬಂದ್ ಮಾಡಸಿದ್ರ ಉಳದ ನಾಕ ಮನಿ ಪಗಾರನೂ ಹೋಗತೈತಿ. ಹೊರಗ ಹೋಗೂವಾಗ ಚೀಲಾ ತಗದು ತೋರಸೂದು ಆಕಿಗೆ, ನಮಗಲ್ಲ. 2020ರ ಮಾರ್ಚಿನ್ಯಾಗ ಲಾಕ್‌ಡೌನ್ ಆದಾಗ ಗೇಟು ಮುಚ್ಚಿದ್ದು ಅವರಿಗೆ ಮೊದಲ, ತಗದದ್ದು ಅವರಿಗೆ ಕಡೀಗೆ. ಎಷ್ಟೋ ಮಂದಿಗೆ ಆ ತಿಂಗಳ ಪಗಾರನೂ ಸಿಗಲಿಲ್ಲ. ಮನಿಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ ಮೊದಲನೇ ರಾಜ್ಯ ನಮ್ಮದ, 2004ರಾಗ. ಅಂಥ ರಾಜ್ಯದಾಗ ಅವರಿಗೆ ಗೇಟಿನ್ಯಾಗ ಸೆಟ್ಲಮೆಂಟಿನ ಹಾಜರಿ ನೆನಪಾಗೂವಂಗ ನಡಸಿಕೊಳ್ಳಬಾರದು.

ಮನಿ ಹೆಣ್ಣಮಕ್ಕಳಿಗೂ ಇದು ಮುಟ್ಟತೈತಿ. ಸೊಸಿ ಎಷ್ಟಕ್ಕ ಹೊರಬಿದ್ದಳು, ಯಾರು ಆಕಿ ಭೆಟ್ಟಿಗೆ ಬಂದಿದ್ರು ಅನ್ನೂದು ಒಂದ ಕುಟುಂಬದ ಎಲ್ಲಾ ಫೋನಿಗೂ ಹೋಗೂವಂಗ ಇಡಬಹುದು. ವಾಡೇದಾಗ ದೊಡ್ಡ ಬಾಗಲಾ ಬ್ಯಾರೆ, ಅದರೊಳಗ ಸಣ್ಣ ದಿಡ್ಡಿ ಬಾಗಲಾ ಬ್ಯಾರೆ, ಹಿತ್ತಲ ಬಾಗಲಾ ಬ್ಯಾರೆ ಇರತಿದ್ವು. ಹೆಣ್ಣಮಕ್ಕಳು ಹಿತ್ತಲ ಬಾಗಲದಾಗ ನಿಂತು ಬಳೆಗಾರನ ಕಡೆ ಸುದ್ದಿ ಕೇಳೂದು, ಮೊಸರಿನಾಕಿ ಕೂಡ ಕಷ್ಟಾ ಸುಖಾ ಹಂಚಿಕೊಳ್ಳೂದು ನಡೀತಿತ್ತು. ಹೊಸಾ ಗೇಟಿಗೆ ಹಿತ್ತಲ ಬಾಗಲಾ ಇಲ್ಲ.

ಕಾನೂನು ಏನ ಹೇಳತೈತಿ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯಕ್ಕ ಕೋರ್ಟಿಗೆ ಹೋಗಿದ್ರು. ಆ ಪ್ರಕರಣದಾಗ 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದ್ರು. 2023ರಾಗ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆತು, ಅದರ ನಿಯಮಗಳು 2025ರ ನವೆಂಬರಿನ್ಯಾಗ ಬಂದ್ವು, ಹಂತ ಹಂತವಾಗಿ ಜಾರಿಗೆ ಬರತಾವ. ಅದರ ತಿರುಳು ಇಷ್ಟ: ಮಾಹಿತಿ ಯಾಕ ತಗೋತೀವಿ ಅಂತ ಹೇಳಬೇಕು, ಒಪ್ಪಿಗಿ ಕೇಳಬೇಕು, ಕೆಲಸ ಮುಗದ ಮ್ಯಾಲ ಅಳಸಬೇಕು.

ಇನ್ನೊಂದು ಸುರಕ್ಷತಾ ಮಾತು. 2010ರ ಫೆಬ್ರುವರಿ 23ಕ್ಕ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಅನ್ನೂ ಆಫೀಸ್ ಕಟ್ಟಡಕ್ಕ ಬೆಂಕಿ, ಹೊಗಿ ಹತ್ತಿ ಒಂಬತ್ತು ಮಂದಿ ಸತ್ರು. ಹೊರಗ ಓಡೂ ದಾರಿ ಬಂದಾಗಿದ್ವು ಅನ್ನೂದು ಅವತ್ತಿನ ದೊಡ್ಡ ದೂರು. ಒಳಗ ಬಿಡದಂಗ ಕಟ್ಟಿದ ಬಾಗಲಾ ಹೊರಗ ಬಿಡದಂಗ ಆಗಬಾರದು. ಕರೆಂಟ್ ಹೋದ್ರ ಅಡ್ಡಗೋಲು ಕೈಲೆ ಎತ್ತಾಕ ಬರತೈತೋ, ಅಗ್ನಿಶಾಮಕ ಗಾಡಿ ಒಳಗ ಹಿಡಿತೈತೋ ಅನ್ನೂದು ರೊಕ್ಕ ಕೊಡೂ ಮೊದಲ ನೋಡಬೇಕು.

ಅಕ್ಕಾರ, ವೈನ್ಯಾರ, ಗದಗಿನ ಸುತ್ತನೂ ಈಗ ಕಂಪೌಂಡ್ ಹಾಕಿದ ಲೇಔಟ್ ಏಳಾಕತ್ತಾವ. ನಾಳೆ ನಮ್ಮ ಓಣ್ಯಾಗೂ ಮೀಟಿಂಗ್ ಆಗತೈತಿ. ಗಂಡಸರಿಗೆ ಬಿಟ್ಟು ಚಾ ಮಾಡಾಕ ಒಳಗ ಹೋಗಬ್ಯಾಡ್ರಿ. ಇಷ್ಟು ಕೇಳ್ರಿ: ಬರದದ್ದು ಎಷ್ಟ ದಿನಾ ಇಡತೀರಿ, ಯಾರ್ಯಾರು ನೋಡಬಹುದು? ಫೋನ್ ಇಲ್ಲದ ಅಜ್ಜಿ ಬಂದ್ರ ಒಳಗ ಬಿಡೂದು ಹೆಂಗ? ಕೆಲಸದಾಕಿ ಹೆಸರು ತಗೀಬೇಕಂದ್ರ ಆಕಿ ಮಾತು ಯಾರು ಕೇಳತಾರ? ಗೇಟ್ ಕಾಯಾಂವಗ ಕುಂಡ್ರಾಕ ಕುರ್ಚಿ, ನೆರಳು, ಪಾಯಖಾನಿ ಐತೇನು, ಪಗಾರ ತಿಂಗಳಾ ಸರಿ ಸಿಗತೈತೇನು? ಉತ್ತರ ಕಾಗದದ ಮ್ಯಾಲ ಬರಸ್ರಿ, ನೋಟಿಸ್ ಬೋರ್ಡಿಗೆ ಎಲ್ಲಾರಿಗೂ ಕಾಣೂವಂಗ, ಕೆಲಸದವರಿಗೂ ತಿಳ್ಯೂವಂಗ ಕನ್ನಡದಾಗ ಹಚ್ಚಸ್ರಿ. ಲಕ್ಷ್ಮೇಶ್ವರದವರು ಹದಿಮೂರನೂರು ವರ್ಷದ ಹಿಂದ ಕಲ್ಲಿನ ಮ್ಯಾಲ ಮಾಡಿದ ಕೆಲಸಾನ ಅದು.